ಬೀಡಿಯ ತುದಿ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಒಳಸಾಲಿನಲ್ಲಿ
ತಗಡಿನ ಶೆಡ್ಡು ನಮ್ಮದು.
ನಮ್ಮದು ಅಂದರೆ ಬುಡೇನ್ ಸಾಬರದು.
ಐಟಿಐ ಮುಗಿಸಿ ಬಂದ ನನಗೆ ಅಲ್ಲೊಂದು ಸ್ಟೂಲು, ಒಂದು ಲ್ಯಾಪ್‌ಟಾಪು,
ದುಪಟ್ಟಾ ತೂಗುಹಾಕಲು ಒಂದು ಮೊಳೆ.

ಬೇಕರಿಯ ವ್ಯಾನು ಮತ್ತೆ ಬಂದಿದೆ.
ಮೀಟರಿನ ಪಕ್ಕ ಹಳದಿ ದೀಪ,
ಗುತ್ಯಪ್ಪನ ಮುಖದಲ್ಲಿ ಮಾಲೀಕರ ಬೈಗುಳ.
"ಎಳೆಯಲ್ಲ ಕಣಮ್ಮ, ಉಸಿರು ಕಟ್ಟಿದಂಗೆ ಆಡುತ್ತೆ.
ಆಲ್ಕೊಳ ಸರ್ಕಲ್ಲಿನಲ್ಲಿ ಸೈಕಲ್ಲಿನವನು
ಬೆಲ್ಲು ಹೊಡೆದು ದಾಟಿಕೊಂಡು ಹೋದ."

ಕಾಯಿಲೆ ಗೊತ್ತಿರುವುದೇ.
ವಿನೋಬನಗರದಿಂದ ಗೋಪಾಳ, ಅಲ್ಲಿಂದ ದುರ್ಗಿಗುಡಿ,
ಅಂಗಡಿ ಅಂಗಡಿಗೂ ನಿಂತು ಎರಡು ಬ್ರೆಡ್ಡು, ಆರು ಬನ್ನು,
ಚಿಲ್ಲರೆಗೆ ಕಾದು, ಮತ್ತೆ ನೂರು ಮಾರು.
ಮೈ ಕಾಯುವಷ್ಟು ದಾರಿಯೇ ಸಿಗದ ಇಂಜಿನ್ನು
ತನ್ನ ಮಸಿಯನ್ನು ತಾನು ಸುಡಲಾರದು.
ಸುಡದ ಮಸಿ ಫಿಲ್ಟರಿನ ಸಾವಿರ ಕಿಂಡಿಗಳಲ್ಲಿ
ಕೂತಲ್ಲೇ ಕೂತು ಗೋಡೆಯಾಗುತ್ತದೆ.

"ಒಂದ್ಸಲ ಘಾಟಿ ಹತ್ತಿಸಿಕೊಂಡು ಬಾ" ಅಂದಿದ್ದೆ ಮೊದಲ ಸಲ.
ಆಗುಂಬೆವರೆಗೂ ಹೋಗಿ ಬಂದ, ದೀಪ ಆರಿತ್ತು.
ರಂಗೇಗೌಡರು ಕೇಳಿದರಂತೆ:
ಅಲ್ಲಿ ಬನ್ನು ಯಾರು ಕೇಳಿದ್ದರಪ್ಪ, ಮಂಗಗಳಾ?

ಎರಡನೇ ಸಲ ಗೌಡರೇ ಬಂದು ದನಿ ತಗ್ಗಿಸಿದರು.
"ಒಳಗಿನದು ಕೆತ್ತಿ ತೆಗೆದುಬಿಡಿ ಸಾಬ್ರೆ,
ಡಬ್ಬ ಹಂಗೇ ಇರಲಿ, ಯಾರು ನೋಡ್ತಾರೆ."
ಸಾಬರು ಮಾತಾಡಲಿಲ್ಲ.
ಹಿಂದೆ ಕೆತ್ತಿದ್ದಾರೆ, ನನಗೆ ಗೊತ್ತು.
ಶೆಡ್ಡಿನ ಬೆನ್ನಿಗೆ, ಹಳೇ ಟಯರುಗಳ ಕೆಳಗೆ
ಕಪ್ಪು ಹಿಡಿದ ಪಿಂಗಾಣಿಯ ಚೂರುಗಳಿವೆ,
ಹಿಂಡಿ ಬಿಸಾಕಿದ ಜೇನುಹಲ್ಲೆಗಳ ಹಾಗೆ.

ಮೆಗ್ಗಾನ್ ಆಸ್ಪತ್ರೆಯ ಎಕ್ಸ್‌ರೇ
ಅವರ ಡ್ರಾಯರಿನಲ್ಲಿ, ಸ್ಪ್ಯಾನರುಗಳ ಅಡಿಗಿದೆ.
ನಲವತ್ತು ವರ್ಷದ ಲಾರಿಗಳು ಅದರಲ್ಲಿ ನಿಂತಿವೆ,
ಇಂಜಿನ್ನು ಆಫ್ ಮಾಡದೆ.

ಇವತ್ತು ಪಾರ್ಸೆಲ್ಲಿನಲ್ಲಿ ಬಂದದ್ದು ಬೇರೆ ಥರದ್ದು.
ಫಿಲ್ಟರಿನ ಮುಖದ ಮೇಲೆ ತಂತಿಯ ಸುರುಳಿ, ಐದು ಪಾಲು,
ಪಾಲಿಗೊಂದು ವೈರು.
"ಇದೇನು ಮಗಾ, ಇಡ್ಲಿ ತಟ್ಟೆಗೆ ಕಾಯಿಲ್ ಸುತ್ತಿದಾರೆ?"
"ಇಂಜಿನ್ನು ಕೊಡದ ಕಾವನ್ನು ಕರೆಂಟು ಕೊಡುತ್ತೆ."
"ಇಷ್ಟು ದೊಡ್ಡ ಒಲೆಗೆ ಬ್ಯಾಟರಿ ಎಲ್ಲಿ ಸಾಲುತ್ತೆ?"
"ಒಟ್ಟಿಗೆ ಹಚ್ಚಲ್ಲ. ಒಂದು ಪಾಲಾದ ಮೇಲೆ ಇನ್ನೊಂದು.
ಅದೂ ಈ ಮುಂದಿನ ತುದಿ ಮಾತ್ರ.
ಆಮೇಲೆ ಒಳಗಿನ ಮಸಿಗೆ ಮಸಿಯೇ ಸೌದೆ."

ಸಾಬರ ಕೈ ಕಿವಿಯ ಮೇಲಕ್ಕೆ ಹೋಯಿತು.
ಡಾಕ್ಟರು ಬೇಡವೆಂದ ಮೇಲೂ ಅಲ್ಲೊಂದು ಬೀಡಿ ಇರುತ್ತದೆ,
ಹಚ್ಚುವುದಿಲ್ಲ, ಇರುತ್ತದೆ.
ಅದನ್ನು ಬೆಳಕಿಗೆ ಹಿಡಿದು ನೋಡಿದರು.
"ತುದಿಗೆ ಕಡ್ಡಿ ಗೀರಿದರೆ ಆಯ್ತು,
ಉಳಿದದ್ದು ತಾನೇ ನಡೆದುಕೊಂಡು ಹೋಗುತ್ತೆ."
"ಹೂಂ. ಜೋರಾಗಿ ಊದಬಾರದು ಅಷ್ಟೇ, ತಣ್ಣಗಾಗಿ ಆರಿಬಿಡುತ್ತೆ.
ಗಾಡಿ ಸುಮ್ಮನೆ ಗುರುಗುಡುತ್ತಾ ನಿಂತಾಗ ಒಳ್ಳೇದು."
"ಅಂದ್ರೆ ಗುತ್ಯಪ್ಪ ಚಿಲ್ಲರೆಗೆ ಕಾಯುವಾಗ."
ನಕ್ಕರು. ನಗು ಕೆಮ್ಮಾಯಿತು.
ಗೋಡೆ ಹಿಡಿದು ನಿಂತರು. ನಾನು ನಟ್ಟು ಎಣಿಸಿದೆ.

ಸಂಜೆ ಆರಕ್ಕೆ ಶುರು ಮಾಡಿದೆವು.
ಲ್ಯಾಪ್‌ಟಾಪಿನಲ್ಲಿ ಗೆರೆ ನಾನೂರು ಹತ್ತಿ, ಐನೂರು ಹತ್ತಿ,
ಆರುನೂರರ ಹತ್ತಿರ ಬಾಗಿತು.
ಸಾಬರು ಬಿಳಿ ಬನಿಯನ್ ಚಿಂದಿಯನ್ನು
ಸೈಲೆನ್ಸರಿಗೆ ಹಿಡಿದು ಹತ್ತು ನಿಮಿಷ ಕುಕ್ಕರುಗಾಲಲ್ಲಿ ಕೂತರು.
ಬಿಳಿಯಾಗಿಯೇ ಉಳಿಯಿತು. ಬರೀ ಬೆಚ್ಚಗೆ.

"ಬೂದಿ ಏನಾಗುತ್ತೆ?"
"ಬೂದಿ ಸುಡಲ್ಲ ಸಾಬ್ರೆ. ಒಳಗೇ ಉಳಿಯುತ್ತೆ.
ಯಾವತ್ತೋ ಒಮ್ಮೆ ಬಿಚ್ಚಿ ಕೊಡವಬೇಕು."
"ಹಂಗಾದರೆ ನಮಗೆ ಕೆಲಸ ಇದೆ" ಅಂದರು,
ಬೀಡಿಯನ್ನು ಮತ್ತೆ ಕಿವಿಗೇರಿಸಿ.

ಮರುದಿನ ಶೆಡ್ಡಿನ ಹಿಂದೆ ಟಯರುಗಳು ಪಕ್ಕಕ್ಕೆ ಸರಿದಿದ್ದವು,
ಕೆಳಗೆ ನೆಲ ಗುಡಿಸಿತ್ತು.
ಯಾರೆಂದು ನಾನು ಕೇಳಲಿಲ್ಲ.

ದುರ್ಗಿಗುಡಿಯ ಅಂಗಡಿಯ ಮುಂದೆ ಈಗ ಗುತ್ಯಪ್ಪ ನಿಂತಿರಬೇಕು.
ಚಿಲ್ಲರೆ ಇಲ್ಲ, ತರಿಸ್ತೀನಿ ಇರಿ ಅಂತಾರೆ ಅಂಗಡಿಯಮ್ಮ.
ಅವಸರ ಇಲ್ಲ ಬಿಡಿ ಅಂತಾನೆ ಅವನು.
ವ್ಯಾನಿನ ಹೊಟ್ಟೆಯಡಿಯಲ್ಲಿ, ಯಾರಿಗೂ ಕಾಣದೆ,
ಮೂರನೇ ಪಾಲು ಕೆಂಪಗಾಗುತ್ತಿದೆ.