ಎಲ್ ಸರಿಯಾಗಿ ಬೀಳದ ಯಂತ್ರ

ಕಾರವಾರದ ಕೋರ್ಟಿನ ಕಾಂಪೌಂಡಿಗೆ ಬೆನ್ನು ಕೊಟ್ಟು
ಬಾದಾಮಿ ಮರದ ಬುಡದಲ್ಲಿ ನನ್ನ ಮೇಜು,
ಮೂರು ಕಾಲು ಸಾಗವಾನಿ, ನಾಲ್ಕನೆಯದು ಇಟ್ಟಿಗೆ.
ಪುಟಕ್ಕೆ ಹದಿನೈದು ರೂಪಾಯಿ, ಕಾರ್ಬನ್ ಪ್ರತಿಗೆ ಮೂರು.
ಶಬ್ದ ಆರಿಸಿದ್ದಕ್ಕೆ ಬೇರೆ ದರವಿಲ್ಲ,
ಅದು ನನ್ನ ಚಟ.

ಮೂವತ್ತು ವರ್ಷದಲ್ಲಿ ಕಲಿತದ್ದು ಇಷ್ಟು:
ತಹಶೀಲ್ದಾರರಿಗೆ ‘ರಿಕ್ವೆಸ್ಟ್’ ಸಾಕು,
ಜಿಲ್ಲಾಧಿಕಾರಿಗಾದರೆ ‘ಪ್ರೇ’.
‘ಬೆಗ್’ ಎಂದು ಯಾರ ಪರವಾಗಿಯೂ ಹೊಡೆದಿಲ್ಲ,
ಅರ್ಜಿ ಅವರದ್ದಾದರೂ ಬೆರಳು ನನ್ನದಲ್ಲವೇ.
ಗೋಡೆ ‘ಫೆಲ್’ ಎಂದರೆ ಕಡತ ಕೆಳಗೆ ಹೋಗುತ್ತದೆ,
‘ಕೊಲ್ಯಾಪ್ಸ್’ ಎಂದರೆ ಎಂಜಿನಿಯರು ಜೀಪು ಹತ್ತುತ್ತಾರೆ.
ಅರ್ಥ ಒಂದೇ, ಭಾರ ಬೇರೆ.
ಮೀನು ಬುಟ್ಟಿಯ ಹಾಗೆ, ಹೊತ್ತ ತಲೆಗೇ ಗೊತ್ತು.

ಬೇಲೇಕೇರಿಯಿಂದ ಮೊದಲ ಬಸ್ಸಿಗೆ ಬಂದವಳು
ಬೀರಮ್ಮ ಅಂಬಿಗ.
ಕಾಗದ ಪ್ಲಾಸ್ಟಿಕ್ ಚೀಲದೊಳಗೆ, ಚೀಲ ಸೆರಗಿನೊಳಗೆ.
ಗಂಡ ಹಮ್ಮಯ್ಯ. ಪಾತಿ ದೋಣಿ.
ನೂಲಹುಣ್ಣಿಮೆ ಕಳೆದು ಮೂರನೇ ದಿನ.
ದೋಣಿ ಬಂತು. ಬುತ್ತಿ ಡಬ್ಬಿಯೂ ಬಂತು,
ಮುಚ್ಚಳ ಹಾಕಿದ್ದು ಹಾಕಿದ ಹಾಗೆ.

‘ಮಿಸ್ಸಿಂಗ್’ ಎಂದು ಬರೆಯಲೇ, ಕೇಳಿದೆ.
ಹಂಗಂದ್ರೆ ಎಂತದ್ರಾ?
ಇದ್ದಾನೆ, ಎಲ್ಲಿ ಅಂತ ತಿಳಿದಿಲ್ಲ.
ಅದು ಪೊಲೀಸ್ನೋರು ಆಗಲೇ ಬರ್ದ್ರು,
ಬರ್ದು ಪುಸ್ತಕ ಮುಚ್ಚಿದ್ರು.

‘ಲಾಸ್ಟ್’?
ಕಳೆದುಹೋದದ್ದು ಅಂತ.
ಬೀರಮ್ಮ ಬೋಳು ಮೂಗನ್ನು ಮುಟ್ಟಿಕೊಂಡಳು.
ನನ್ ನತ್ತು ಅಂಕೋಲೆ ಪೇಟೇಲಿ ಕಳೀತು,
ಅದು ನನ್ ತಪ್ಪು.
ಇವ್ರನ್ನ ನಾ ಕಳ್ಕಂಡದ್ದಲ್ಲ.

‘ಡ್ರೌನ್ಡ್’?
ಈ ಸಲ ನಕ್ಕೇಬಿಟ್ಟಳು.
ನಲ್ವತ್ ವರ್ಷ ನೀರಲ್ಲಿದ್ದೋನು ಮುಳುಗ್ದ ಅಂತ ಬರೀತ್ರಾ?
ಕೇರೀಲಿ ಮಾನ ಉಳೀತದಾ?

ನಗು ನಿಂತಿತು.
ಇನ್ನೊಂದು ಶಬ್ದ ಇತ್ತು. ಇಬ್ಬರಿಗೂ ಗೊತ್ತಿತ್ತು.
ನಾನು ರಿಬ್ಬನ್ನು ಸರಿಮಾಡುವ ನೆವ ತೆಗೆದೆ,
ಅವಳು ಮರದ ಮೇಲಿನ ಕಾಗೆ ನೋಡಿದಳು.
ಒಳಗಿಂದ ಜವಾನ ಯಾರದೋ ಹೆಸರು ಮೂರು ಸಲ ಕೂಗಿದ,
ಯಾರೂ ‘ಓ’ ಅನ್ನಲಿಲ್ಲ.

ಶಾಲೆಯವರು ಮಗಳ ಕಾಗದದಲ್ಲಿ
ಅಪ್ಪನ ಹೆಸರಿನ ಹಿಂದೆ ಎಂತದೋ ಸೇರ್ಸೀರು, ಎಂದು
ಚೀಲದಿಂದ ತೆಗೆದು ತೋರಿಸಿದಳು.
‘ಲೇಟ್’, ಓದಿದೆ.
ಲೇಟಾ?
ಅದು ನಂಗೂ ಗೊತ್ತು, ಬಸ್ಸಿಗೆ ಹೇಳ್ತ್ರಲ್ಲ.
ಮುಖದಲ್ಲಿ ಏನೋ ಸಡಿಲಾಯಿತು.
ಅದೇ ಬರೀರಿ, ಒಡಿಯಾ.
ಲೇಟಾಯ್ತು, ಅಷ್ಟೇಯ.

ಹೇಳಬೇಕಿತ್ತು.
ಒಳಗೆ ಗುಮಾಸ್ತರು ಓದುವುದು ಬೇರೆ ಎಂದು,
ಇಂಗ್ಲಿಷರು ಒಂದೇ ಸೇರಲ್ಲಿ
ತಡವನ್ನೂ ಸಾವನ್ನೂ ಅಳೆದಿಟ್ಟಿದ್ದಾರೆ ಎಂದು.
ಮಾತು ಗಂಟಲ ತನಕ ಬಂತು.
ಬೆರಳು ಆಗಲೇ ಕೀಲಿಯ ಮೇಲಿತ್ತು.

ಹಾಳೆ ಎಳೆದು ಬಿಸಿಲಿಗೆ ಹಿಡಿದೆ.
ನನ್ನ ಯಂತ್ರದಲ್ಲಿ ಎಲ್ ಎಂದೂ ನೆಟ್ಟಗೆ ಬೀಳದು,
ಇವತ್ತು ಬಿದ್ದೇ ಇಲ್ಲ.
ಹಮ್ಮಯ್ಯನ ಹೆಸರಿನ ಹಿಂದೆ ಉಳಿದದ್ದು
ಬರಿಯ ‘ಏಟ್’.
ತಿಂದಿತು.

ಅವಳಿಗೆ ಓದು ಬಾರದು. ಪುಣ್ಯ.
ಪೆನ್ನು ತೆಗೆದು ನಾನೇ ಗೀಚಿದೆ,
ಒಂದು ನೆಟ್ಟ ಗೆರೆ, ಬುಡದಲ್ಲಿ ಸಣ್ಣ ಕಾಲು,
ಮರಳಲ್ಲಿ ಊರಿ ನಿಲ್ಲಿಸಿದ ಹುಟ್ಟಿನ ಹಾಗೆ.
ಕಾರ್ಬನ್ ಪ್ರತಿಯಲ್ಲೂ ಗೀಚಿದೆ, ಒತ್ತಿ.

ಹದಿನೆಂಟು ಎಂದೆ.
ಇಪ್ಪತ್ತರ ನೋಟಿಟ್ಟು ಎದ್ದಳು.
ಚಿಲ್ಲರೆಗೆ ನಿಲ್ಲಲಿಲ್ಲ,
ಬಸ್ಸಿಗೆ ಹೊತ್ತಾಗಿತ್ತು.