ನಾಯಿಗೆ ಬರುವ ನಾಲ್ಕು ಮಾತು

ತಾರ್ತುವಿನ ಅಂಚಿಗೆ, ಗ್ಯಾರೇಜುಗಳ ಸಾಲಿನ ಹಿಂದೆ
ದಿಕ್ಕಿಲ್ಲದ ನಾಯಿಗಳ ಆಶ್ರಯ.
ನವೆಂಬರ್. ಮೂರೂವರೆಗೇ ಕತ್ತಲು.
ಮಿರ್ಟೆಲ್‌ಗೆ ಮರಿ ಬೇಕಿತ್ತು, ಬಿಳಿಯದು, ಜಾಹೀರಾತಿನಲ್ಲಿ ಬರುವಂಥದು.
ಉರ್ಮಾಸ್‌ಗೆ ಕೂದಲುದುರದ್ದು.
ನನಗೆ, ನಿಜ ಹೇಳಬೇಕೆಂದರೆ,
ಬೇಗ ಮನೆ ಸೇರಿದರೆ ಸಾಕಿತ್ತು;
ಬೂಟಿನೊಳಗೆ ನೀರು.

ಎಲ್ಲವೂ ಬೊಗಳಿದವು, ಒಂದನ್ನು ಬಿಟ್ಟು.
ಹನ್ನೊಂದನೇ ಗೂಡು. ಬೂದಿ ಬಣ್ಣ,
ಒಂದು ಕಿವಿ ಮಡಚಿದೆ, ಮೂತಿಯ ಸುತ್ತ ನರೆ.
ಚೀಟಿಯಲ್ಲಿ: ಹೆಣ್ಣು. ವಯಸ್ಸು ಎಂಟೋ ಒಂಬತ್ತೋ.
ಹೆಸರು ಬರೆಯುವಲ್ಲಿ ಒಂದು ಗೀಟು.
ನಾರ್ವಾದ ಒಬ್ಬಂಟಿ ಮುದುಕಿಯ ಫ್ಲ್ಯಾಟಿನಿಂದ ಬಂದದ್ದು.
ಆಕೆ ಹೋಗಿ ನಾಲ್ಕು ದಿನಕ್ಕೆ ಬಾಗಿಲು ಒಡೆದರಂತೆ,
ಅಲ್ಲಿಯವರೆಗೂ ಇದು ಹಾಸಿಗೆ ಬಿಟ್ಟು ಇಳಿದಿರಲಿಲ್ಲವಂತೆ.
ಅಂತೆ ಅನ್ನುವಾಗಲೆಲ್ಲ ಅಲ್ಲಿನ ಹುಡುಗಿ
ಕೈಗವಸು ಸರಿಮಾಡಿಕೊಳ್ಳುತ್ತಿದ್ದಳು.

'ತುಲೆ ಸೀಯಾ' ಎಂದಳು ಮಗಳು. ಬಾ ಇಲ್ಲಿ.
ಗೋಡೆಗೆ ಹೇಳಿದ ಹಾಗೆ.
ಕಿವುಡಿರಬಹುದು ಅಂದೆ.
ಹುಡುಗಿ ಬಕೆಟ್ಟು ಕುಟ್ಟಿದಳು;
ನೆಟ್ಟಗಿದ್ದ ಕಿವಿ ತಿರುಗಿತು, ಮಡಚಿದ್ದು ನಡುಗಿತು.
ಕಿವುಡಲ್ಲ.

ಮಗಳು ಒದ್ದೆ ನೆಲದ ಮೇಲೆ ಅರ್ಧ ಗಂಟೆ ಕೂತಳು.
ಬಿಳಿ ಮರಿಯ ಸುದ್ದಿ ಅಲ್ಲಿಗೆ ಮುಗಿಯಿತು.
ಯಾಕೆ ಇದೇ ಅಂದರೆ,
'ಇದು ಯಾರನ್ನೂ ಮೆಚ್ಚಿಸೋಕೆ ನೋಡ್ತಿಲ್ಲ' ಅಂದಳು
ಹತ್ತು ವರ್ಷದವಳು.
ಮೂರು ಸಹಿ, ಹಳೇ ಹಗ್ಗ, ನಲವತ್ತು ಯೂರೋ.
ದಾರಿಯುದ್ದಕ್ಕೂ ಕಾರಿನ ಗಾಜು ಇಳಿಸಿಯೇ ಇತ್ತು,
ಆ ಚಳಿಯಲ್ಲೂ.

'ಸತ್ತವರ ನಾಯಿ,' ಅಂದರು ಅತ್ತೆ, ಹೆಣಿಗೆಯಿಂದ ಕಣ್ಣೆತ್ತದೆ.
'ಸಾಕೋದಾದರೆ ಸಾಕಿ. ನನಗೆ ಸಾಕಾಗಿದೆ.'
ಮೂರು ದಿನ ಅದು ಕೋಟುಗಳ ಕೆಳಗೆ.
ಈಲಿ ಇಟ್ಟೆವು, ಚೀಸ್ ಇಟ್ಟೆವು,
ಇಷ್ಟುದ್ದ ಹೆಸರುಗಳ ಪಟ್ಟಿ ಓದಿದೆವು.
ಉರ್ಮಾಸ್ ಮಂಡಿಯೂರಿ ಬೊಗಳಿಯೂ ನೋಡಿದ.
ರಾತ್ರಿ ತಟ್ಟೆ ಖಾಲಿಯಾಗುತ್ತಿತ್ತು.
ಅಷ್ಟೇ ಋಜುವಾತು, ಜೀವ ಇದೆ ಅನ್ನುವುದಕ್ಕೆ.

ನಾಲ್ಕನೇ ರಾತ್ರಿ ನೀರಿಗೆಂದು ಎದ್ದೆ.
ಅಡುಗೆಮನೆಯಲ್ಲಿ ಒಲೆಯ ಬಾಗಿಲಿನ ಕೆಂಪು ಬಿಟ್ಟರೆ ಬೆಳಕಿಲ್ಲ.
ಸ್ಟೂಲಿನ ಮೇಲೆ ಅತ್ತೆ, ರಾತ್ರಿಯಂಗಿಯಲ್ಲಿ, ಬರಿಗಾಲು.
'ಇದಿ ಸ್ಯುದಾ,' ಅಂದರು.
ಎಷ್ಟೋ ವರ್ಷ ತೆಗೆಯದ ಡ್ರಾಯರನ್ನು
ಸದ್ದಾಗದಂತೆ ಎಳೆಯುವವರ ದನಿ.

ನಲವತ್ತೊಂಬತ್ತರ ಮಾರ್ಚಿನಲ್ಲಿ ಅವರಿಗೆ ಏಳು.
ದನ ಸಾಗಿಸುವ ವ್ಯಾಗನ್ನು, ಸೈಬೀರಿಯಾ, ಎಂಟು ಚಳಿಗಾಲ.
ಹೋದವರಲ್ಲಿ ತಿರುಗಿ ಬಂದದ್ದು
ಅವರು ಮತ್ತು ಒಂದು ಚಮಚ.
ಆ ಭಾಷೆಯನ್ನು ರೈಲಿನಲ್ಲೇ ಬಿಟ್ಟಿಳಿದರು, ಹಾಗೆಂದುಕೊಂಡಿದ್ದೆವು.
ಅಂಗಡಿಯಲ್ಲಿ ಯಾರಾದರೂ ರಷ್ಯನ್ನಿನಲ್ಲಿ ದಾರಿ ಕೇಳಿದರೆ
ಕಿವುಡಿಯ ಹಾಗೆ ನಿಂತುಬಿಡುವವರು, ಹಿಲ್ಯಾ ಅತ್ತೆ.

ಕತ್ತಲಲ್ಲಿ ಉಗುರು ನೆಲಕ್ಕೆ ತಾಗುವ ಸದ್ದು.
ನಿಂತಿತು. ಮತ್ತೆ ಶುರುವಾಯಿತು.
ಒಂದು ಮೊಳ ದೂರಕ್ಕೆ ಬಂದು ಕೂತುಬಿಟ್ಟಿತು.
ಕೂತ ಮೇಲೆ 'ಕೂರು' ಅಂದರು ಅತ್ತೆ, ಅದೇ ಭಾಷೆಯಲ್ಲಿ,
ಕೆಲಸ ಮುಗಿದ ಮೇಲೆ ಹುಕುಂ ಬರೆಯುವ ಅಧಿಕಾರಿಯಂತೆ.
ನಾಯಿ ಸೀನಿತು.
ನಾನು ನೀರು ಕುಡಿಯದೆ ಹೋಗಿ ಮಲಗಿದೆ.

ಈಗ ಫ್ರಿಜ್ಜಿನ ಮೇಲೆ ಮಿರ್ಟೆಲ್ ಬರೆದ ಚೀಟಿ,
ಆ ಮಾತು, ನಮ್ಮ ಅಕ್ಷರ:
ಬಾ ಇಲ್ಲಿ. ಕೂರು. ಸಾಕು. ಒಳ್ಳೆಯವಳು.
ಉರ್ಮಾಸ್ ಉಚ್ಚರಿಸಿದರೆ ನಾಯಿ ಅತ್ತೆಯ ಕಡೆ ನೋಡುತ್ತದೆ,
ಅನುವಾದಕ್ಕೆ.

ಬಾ, ಕೂರು, ಸಾಕು,
ಇವು ಅಲ್ಲಿ ದಿನಾ ಕಿವಿಗೆ ಬಿದ್ದಿರಬಹುದು, ಕಾವಲಿನವರಿಂದ.
ಆದರೆ ಈ ನಾಲ್ಕನೆಯದು?
'ಹರೋಶಯಾ' ಅನ್ನುತ್ತಾರೆ ಅತ್ತೆ, ಮಡಚಿದ ಕಿವಿ ಬಿಡಿಸುತ್ತ.
ಅಲ್ಲಿ, ಆ ಹಿಮದಲ್ಲಿ, ಯಾರು ನಿಮಗೆ ಇದನ್ನು ಅಂದಿದ್ದರು?

ಕೇಳಿಲ್ಲ. ತಟ್ಟೆ ತೊಳೆಯುತ್ತಿದ್ದೇನೆ.
'ಸೂಪಿನ ಮೂಳೆ ಎಸೀಬೇಡ,' ಅನ್ನುತ್ತಾರೆ ಹಿಂದಿನಿಂದ,
ನಮ್ಮ ಭಾಷೆಯಲ್ಲಿ,
ನನಗೆ.