ಹೆಪ್ಪು

ಬೆಳಗಿನ ಜಾವ ಮೂರೂವರೆಗೆ ಇನ್‌ಕ್ಯುಬೇಟರ್ ತೆರೆದರೆ
ಬಾಣಂತಿ ಕೋಣೆಯ ಬಿಸಿ, ಹುಳಿ ವಾಸನೆ.
ತಟ್ಟೆ ತೆಗೆದು ಟ್ಯೂಬ್‌ಲೈಟಿಗೆ ಹಿಡಿಯುತ್ತೇನೆ.
ಆರು ಬಿಳಿ ಬಿಲ್ಲೆ, ಆರು ಔಷಧಿ.
ಔಷಧಿ ಗೆದ್ದರೆ ಬಿಲ್ಲೆಯ ಸುತ್ತ ಬಯಲಾಗುತ್ತದೆ,
ಚಂದ್ರ ಗುಡಿ ಕಟ್ಟಿದ ಹಾಗೆ.
ಹದಿನೇಳು ವರ್ಷ ಆ ಗುಡಿಗಳನ್ನು
ಸ್ಕೇಲಿಟ್ಟು ಅಳೆದೇ ಅನ್ನ ತಿಂದಿದ್ದೇನೆ.

ಇವತ್ತು ಗುಡಿಯಿಲ್ಲ.
ಬಿಲ್ಲೆಯ ಅಂಚಿಗೆ ತಾಗಿ ಕೆನೆಗಟ್ಟಿಕೊಂಡು
ಬೆಳೆದಿವೆ ಹಾಯಾಗಿ,
ಪಿತ್ರಾರ್ಜಿತ ಹೊಲವೆನ್ನುವಂತೆ.

ಕೊಲಿಸ್ಟಿನ್ನಿಗೆ ಬಿಲ್ಲೆಯ ಮಾತು ನಂಬುವಂತಿಲ್ಲ.
ಅದಕ್ಕೆ ಬೇರೆ ಮಣೆ, ಸಾಲು ಸಾಲು ಪುಟ್ಟ ಕುಳಿ,
ಅಳಗುಳಿ ಆಡಿದವರಿಗೆ ಅರ್ಥವಾದೀತು.
ತಿಳಿಯಾಗಿದ್ದರೆ ರೋಗಿಗೆ ದಾರಿಯುಂಟು.
ಬಗ್ಗಿ ನೋಡಿದೆ:
ಕೊನೆಯ ಕುಳಿಯವರೆಗೂ ಕಲಗಚ್ಚು.

ಲೇಬಲ್ಲಿನಲ್ಲಿ ಶಿವಗಂಗಮ್ಮ, ಅರವತ್ತೆರಡು, ಐಸಿಯು, ಹಾಸಿಗೆ ಒಂಬತ್ತು.
ಫೋನಿನಲ್ಲಿ ಡಾಕ್ಟರ್ ತನ್ವೀರಾ:
‘ಹನುಮಂತನಗರದಲ್ಲಿ ಸೊಪ್ಪು ಮಾರ್ತಾರಂತೆ.
ಕೋಳಿ ತಿನ್ತೀರಾ ಅಂತ ಕೇಳ್ದೆ, ಬಂದ ದಿನ, ಮಾತಾಡ್ತಿದ್ದಾಗ.
ಕೊರಳಿನ ಕರಡಿಗೆ ಹಿಡಿದು ತೋರಿಸಿದ್ರು.
ಮೊಟ್ಟೆ ಬಿದ್ದ ಕೇಕೂ ಮುಟ್ಟಿಲ್ಲವಂತೆ ಜನ್ಮದಲ್ಲಿ.’

ತಿನ್ನುವವಳು ನಾನು.
ಭಾನುವಾರ ಸಿಬ್ಗತ್ ಅಂಗಡಿ, ಒಂದೂವರೆ ಕೇಜಿ, ಸ್ಕಿನ್ ಔಟ್.
ಅವನ ಹೆಬ್ಬೆರಳಿಗೆ ಯುಗಾದಿಯಿಂದ ಪಟ್ಟಿ.
‘ಮಾಯ್ತಾನೇ ಇಲ್ಲ ಮೇಡಂ,
ಮೆಡಿಕಲ್ಲಲ್ಲಿ ಮಾತ್ರೆ ಕೊಟ್ರು, ಎರಡು ದಿನ ನುಂಗಿ ಬಿಟ್ಟೆ.’
ಅದೇ ಬೆರಳಲ್ಲಿ ಎಣಿಸಿಕೊಟ್ಟ ಹಸಿ ನೋಟು
ಹತ್ತು ಹೆಜ್ಜೆ ಆಚೆ ಗೋಣಿಚೀಲ ಹಾಸಿ ಕೂತ ಅಜ್ಜಿಗೆ ಕೊಟ್ಟು
ಕೊತ್ತಂಬರಿ ತಂದೆ.
ನೋಟನ್ನು ಕಣ್ಣಿಗೊತ್ತಿಕೊಂಡರು, ಮೊದಲ ಬೋಣಿ.
ಅವರೇ ಇವರೋ? ಹೆಸರು ಯಾವತ್ತೂ ಕೇಳಿಲ್ಲ.
ಮೂರು ಮಹಡಿ ಹತ್ತಿದರೆ ಹಾಸಿಗೆ ಒಂಬತ್ತು.
ನಾನು ಹತ್ತಲಿಲ್ಲ.

ಇಲ್ಲವೇ ಆ ಕೊತ್ತಂಬರಿಯೇ ತಂದಿರಬಹುದು.
ಹೊಸಕೋಟೆಯಾಚೆ ನಮ್ಮ ಭಾವ ಮುನಿಆಂಜಿನಪ್ಪನ ಶೆಡ್ಡು,
ಐದು ಸಾವಿರ ಮರಿ, ನಲವತ್ತು ದಿನದ ಆಯಸ್ಸು.
‘ಕಾಯ್ಲೆ ಬರ್ಲಿ ಅಂತ ಕಾಯಾಕಾಯ್ತದಾ?
ಮೊದಲೇ ನೀರಿಗೆ ಕಲಸಿಬಿಡೋದು’ ಎಂದು
ಲೇಬಲ್ ಕಿತ್ತ ಡಬ್ಬ ತೋರಿಸಿದ್ದ, ಕಂಪನಿಯವರು ಕೊಟ್ಟದ್ದು.
ಗೊಬ್ಬರಕ್ಕೆ ಸೊಪ್ಪಿನ ತೋಟದವರ ಟ್ರ್ಯಾಕ್ಟರು ಕ್ಯೂ.
ಅವನ ಮಗಳ ಫೀಸು ಕಟ್ಟಿದ್ದು ಆ ಗೊಬ್ಬರ.
ಅವತ್ತು ನಾನು ಬಾಯಿ ಬಿಡಲಿಲ್ಲ,
ತಟ್ಟೆಯಲ್ಲಿ ಅಕ್ಕನ ಕೈಯ ಸಾರು, ಮುದ್ದೆ.

ಬೆರಳೋ, ನೋಟೋ, ಸೊಪ್ಪೋ,
ಆಸ್ಪತ್ರೆಯದೇ ಯಾವುದೋ ನಲ್ಲಿಯೋ,
ಯಾವುದಕ್ಕೂ ನನ್ನ ಬಳಿ ಪುರಾವೆಯಿಲ್ಲ.
ಇಷ್ಟು ಬಲ್ಲೆ: ಅವು ಮೈಗೆ ಮೈ ತಾಗಿಸಿ
ಒಂದು ಸಣ್ಣ ಉಂಗುರ ದಾಟಿಸುತ್ತವೆ,
ಔಷಧಿಗೆ ಬಗ್ಗದ ಗುಟ್ಟು ಬರೆದ ಉಂಗುರ.
ಕುಲ ಕೇಳುವುದಿಲ್ಲ, ಕೋಳಿಯ ಕರುಳೋ ಅಜ್ಜಿಯ ಕರುಳೋ.
ನಮ್ಮಮ್ಮ ಕಾಂಪೌಂಡಿನ ಮೇಲಿಂದ
ಪಕ್ಕದ ಮನೆಗೆ ಹೆಪ್ಪು ಕೊಡುತ್ತಿದ್ದ ಹಾಗೆ;
ಕೊಟ್ಟವರ ಗಡಿಗೆ ಬರಿದಾಗದು,
ಪಡೆದವರ ಹಾಲೆಲ್ಲ ಬೆಳಗಾಗುವುದರೊಳಗೆ ಮೊಸರು.

ಆರು ಬಿಲ್ಲೆಯ ಎದುರು
ಆರು ಸಲ ‘ಆರ್’ ಬರೆದೆ.
ಏಳನೆಯದಕ್ಕೆ ಪೆನ್ನು ಕೊಡವಿಕೊಂಡೆ, ಶಾಯಿ ಇತ್ತು.

ಪಾಳಿ ಮುಗಿಸಿ ಬಂದರೆ
ಗೋಣಿಚೀಲದ ಜಾಗದಲ್ಲಿ ಯಾರದೋ ಸ್ಕೂಟರ್.
ಸಿಬ್ಗತ್ ಶಟರ್ ಎತ್ತುತ್ತ ಪಟ್ಟಿಯ ಕೈ ಬೀಸಿದ.
ಪಂಜರದಲ್ಲಿ ಒಂದರ ಮೇಲೊಂದು ಬಿಳಿ ಕತ್ತು.
‘ಇವತ್ತು ಲ್ಯಾಬಿಗೆ ಬಾ, ಆ ಬೆರಳು ಹತ್ತಿಯಲ್ಲಿ ಒರೆಸಿ ನೋಡ್ತೀನಿ.’
‘ಎಷ್ಟಾಗ್ತದೆ ಮೇಡಂ?’
‘ದುಡ್ಡು ಬೇಡ’ ಅಂದೆ.
ಅವನಿಗೆ ಆಗ ಭಯವಾಯಿತು.